ಎರಡನೇ ಸಲ ನೀರು ಹಾಕುವಂತಿಲ್ಲ

ಜನವರಿ 6, 2025. ಸೋಮವಾರ, ಕೋಲಾರ

ನಿನ್ನೆ ಮುಳಬಾಗಿಲಿಗೆ ಹೋಗಿದ್ದೆ. ಹೋಗಿದ್ದು ಸೊಸೆಯ ತವರಿನಲ್ಲಿರುವ ಮೊಮ್ಮಗಳನ್ನು ನೋಡಲು, ಮಾಡಿಕೊಂಡು ಬಂದದ್ದು ಜಗಳ. ಯಜಮಾನರು ಬದುಕಿದ್ದರೆ ಮನೆಗೆ ಬಂದ ತಕ್ಷಣ ಅವರ ಮೇಲೆ ಹರಿಹಾಯ್ದು ಹಗುರಾಗುತ್ತಿದ್ದೆ. ಈಗ ಬೈಯಲೂ ಮನೆಯಲ್ಲಿ ಜನರಿಲ್ಲ, ಈ ಡೈರಿಯೇ ಗತಿ.

ವಿಷಯ ಇಷ್ಟೆ. ಚೈತನ್ಯಳಿಗೆ ಮೂರು ತಿಂಗಳು ತುಂಬಿದೆ, ಇನ್ನೂ ತಲೆಗೆ ನೀರು ಹಾಕಿಸಿ ದೀಕ್ಷಾಸ್ನಾನ ಮಾಡಿಸಿಲ್ಲ. ನಾವು ಕಥೋಲಿಕರು, ಸೊಸೆ ರಜನಿಯ ತವರಿನವರು ಪ್ರೊಟೆಸ್ಟೆಂಟರು. ಮಕ್ಕಳನ್ನು ನಮ್ಮ ಸಭೆಯಲ್ಲೇ ಬೆಳೆಸುತ್ತೇನೆಂದು ನನ್ನ ಮಗ ಇನ್ನಾಸಿ ಮದುವೆಗೆ ಮುಂಚೆ ಫಾದರ್ ಎದುರು ಮಾತು ಕೊಟ್ಟಿದ್ದ. ಈಗ ಕೇಳಿದರೆ ಬಾಯಿಗೆ ಬೀಗ. ರಜನಿಯ ಅಪ್ಪ ದೇವಪುತ್ರ ಮೇಷ್ಟ್ರಿಗೆ ಅಂಥ ಬೀಗವೇನೂ ಇಲ್ಲ. ಮುಳಬಾಗಿಲಿನ ಅವರ ಸಭೆಗೆ ಅವರೇ ಕಾರ್ಯದರ್ಶಿ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಶುರು ಮಾಡಿದರು.

"ಸತ್ಯ ಇರೋದು ದೇವ್ರ ವಾಕ್ಯದಲ್ಲಿ ಸಿಸ್ಟರ್, ರೋಮ್‌ನಲ್ಲಲ್ಲ."

ನಾನು ನರ್ಸಾಗಿದ್ದವಳು ಎಂದು ಎಲ್ಲರೂ ನನ್ನನ್ನು ಸಿಸ್ಟರ್ ಎಂದೇ ಕರೆಯುವುದು. ಆರೋಗ್ಯಮ್ಮ ಎಂಬ ಹೆಸರು ರೇಷನ್ ಕಾರ್ಡಿಗೆ ಮಾತ್ರ.

"ಆ ವಾಕ್ಯಾನ ಕಾಪಾಡಿ ನಿಮ್ಮ ಕೈಗೆ ಕೊಟ್ಟಿದ್ಯಾರು ಮೇಷ್ಟ್ರೇ? ನಮ್ಮ ಸಭೆ ತಾನೆ?" ಎಂದೆ.

ಅವರ ಮುಖ ಕೆಂಪಗಾಯಿತು. "ನಿಮ್ಮ ಸಭೆ ನನಗೇನು ಕೊಡ್ತು ಅಂತ ಮರ್ತಿಲ್ಲ. ಮಗಳ ಮದ್ವೇಲಿ ಎಲ್ಲಾರ ಜತೆ ಸಾಲಲ್ಲಿ ಬಂದು ಕೈ ಚಾಚ್ದೆ. ನಿಮ್ ಫಾದರ್ ಪರಮಪ್ರಸಾದದ ರೊಟ್ಟಿ ಕೊಡ್ದೆ, ತಲೆ ಮುಟ್ಟಿ ಮುಂದಕ್ಕೆ ಕಳ್ಸಿದ್ರು. ಹೆಣ್ಣು ಹೆತ್ತೋನು ನಾನು, ಅಷ್ಟು ಜನದ ಮುಂದೆ ಬರಿಗೈಲಿ ವಾಪಸ್ ಬಂದೆ."

"ಅದು ನಿಯಮ," ಎಂದೆ. ಕಥೋಲಿಕರಲ್ಲದವರಿಗೆ ಪರಮಪ್ರಸಾದ ಕೊಡುವಂತಿಲ್ಲ, ನಿಯಮವೇ ಅದು. ಅದನ್ನು ನಾನು ಮಾಡಿದ್ದೇ?

ಬೀಗಿತ್ತಿ ಶಾಮಲಮ್ಮ ಒಂದು ಮಾತೂ ಆಡದೆ ಎಲ್ಲರಿಗೂ ಕಾಫಿ ಕೊಟ್ಟರು. ಏನು ಹೆಂಗಸೋ, ಹಾಂ ಇಲ್ಲ ಹೂಂ ಇಲ್ಲ. ಕೊನೆಗೆ ಇನ್ನಾಸಿ ತಲೆ ಮೇಲೆ ಕೈ ಹೊತ್ತು, "ಎರಡೂ ಚರ್ಚು ಬೇಡ, ಶ್ರೀನಿವಾಸಪುರದ ಮಾವಿನ ತೋಪಲ್ಲಿ ಮಾಡಿಸ್ತೀನಿ ಬಿಡಿ," ಎಂದ. ಯಾರೂ ನಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನನ್ನ ಮಗು ದೀಕ್ಷೆಯಿಲ್ಲದ ಅಜ್ಞಾನಿಯ ಹಾಗೆ ತೊಟ್ಟಿಲಲ್ಲಿ ಬಿದ್ದಿದೆ.

ಜನವರಿ 9, ಗುರುವಾರ

ಪಕ್ಕದ ಮನೆಯ ಭಾರತಮ್ಮ ವಕ್ಕಲೇರಿಯ ತವರಿನಿಂದ ಒಂದು ಚೀಲ ಅವರೆಕಾಯಿ ತಂದಿದ್ದಳು. ಇಬ್ಬರೂ ಜಗುಲಿಯಲ್ಲಿ ಕೂತು ಸುಲಿದೆವು. ನನ್ನ ಸಂಕಟ ಹೇಳಿಕೊಂಡೆ.

"ಅಲ್ಲ ಸಿಸ್ಟರಕ್ಕ, ನಿಮ್ಗೂ ಅದೇ ಯೇಸಪ್ಪ, ಅವ್ರಿಗೂ ಅದೇ ಯೇಸಪ್ಪ. ಮತ್ತೆ ಜಗಳ ಯಾರ್ಗೋಸ್ಕರ?" ಎಂದಳು.

ತಾಳ್ಮೆಯಿಂದ ಬಿಡಿಸಿ ಹೇಳಿದೆ. ಜಗದ್ಗುರುಗಳಾದ ಪೋಪರನ್ನು ಅವರು ಒಪ್ಪುವುದಿಲ್ಲ. ಮಾತೆ ಮರಿಯಮ್ಮನವರ ಪ್ರಾರ್ಥನೆ ಬೇಡುವುದಿಲ್ಲ. ರೊಟ್ಟಿ ನಿಜವಾಗಿ ಸ್ವಾಮಿಯ ಶರೀರವಾಗುತ್ತದೆ ಎಂದು ನಾವು ನಂಬುವ ಹಾಗೆ ಅವರು ನಂಬುವುದಿಲ್ಲ. ಭಾರತಮ್ಮ ಎಲ್ಲ ಕೇಳಿಸಿಕೊಂಡು ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು.

"ನಮ್ ಅಣ್ಣತಮ್ಮಂದಿರ್ದೂ ಇಂಗೇ ಐತೆ ಬಿಡಕ್ಕ. ಹೊಲ ಒಂದೇ, ಬದು ಎಲ್ಲೈತೆ ಅನ್ನೋದೇ ತಕರಾರು."

ನನಗೆ ಉರಿದುಹೋಯಿತು. ಸತ್ಯವೆಂದರೆ ಬದುವೇ, ಬೇಕಾದಾಗ ಒಂದು ಮೊಳ ಆಚೆಗೆ ತಳ್ಳಲು? ಹಿತಕಿದ ಬೇಳೆ ಸಾರು ಮಾಡಿದೆ. ನಾಲಗೆಗೆ ಹತ್ತಲಿಲ್ಲ.

ಜನವರಿ 18, ಶನಿವಾರ

ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥಿಸುವ ವಾರ ಇವತ್ತು ನಮ್ಮ ಚರ್ಚಿನಲ್ಲಿ ಶುರುವಾಯಿತು. ಬಂದಿದ್ದ ಪ್ರೊಟೆಸ್ಟೆಂಟರೆಲ್ಲ ಎಡಗಡೆಯ ಬೆಂಚುಗಳಲ್ಲಿ, ನಾವು ಬಲಗಡೆ. ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ. ಫಾದರ್ ಐಕ್ಯತೆಯ ಮೇಲೆ ಬೋಧನೆ ಕೊಟ್ಟರು, ಅವರ ಸಭಾಪಾಲಕರು ಇನ್ನಷ್ಟು ಉದ್ದದ ಬೋಧನೆ ಕೊಟ್ಟರು.

ಆಮೇಲೆ ಎಲ್ಲರೂ ಸೇರಿ ಯೇಸುಸ್ವಾಮಿ ಕಲಿಸಿದ ಪರಲೋಕದ ಪ್ರಾರ್ಥನೆ. "ಕೇಡಿನಿಂದ ನಮ್ಮನ್ನು ರಕ್ಷಿಸಿರಿ" ಎಂಬಲ್ಲಿಗೆ ನಾವು ಆಮೆನ್ ಎಂದೆವು. ಅವರು ನಿಲ್ಲಲೇ ಇಲ್ಲ. "ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ" ಎಂದು ಹೋಗುತ್ತಲೇ ಇದ್ದರು. ನಮ್ಮ ಆಮೆನ್ ಅವರ ವಾಕ್ಯದ ನಡುವೆ ಬಿದ್ದು ಅಸಹ್ಯವಾಯಿತು. ಆ ಮಾತಿಗೆ ನಮ್ಮ ಪೂಜೆಯಲ್ಲೂ ಒಂದು ಜಾಗ ಇದೆ, ಹಾಗೆಂದು ಪ್ರಾರ್ಥನೆಗೆ ಬಾಲ ಕಟ್ಟುವುದೇ? ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದ ಜನ.

ಕೊನೆಗೆ ಟೀ, ಬನ್ನು. ಅವರು ಬೇವಿನ ಮರದ ಕೆಳಗೆ, ನಾವು ಗವಿಯಲ್ಲಿರುವ ಮಾತೆಯ ಪ್ರತಿಮೆಯ ಹತ್ತಿರ. ಐಕ್ಯತೆ ಬನ್ನು ಮುಗಿಯುವ ತನಕವೂ ಬಾಳಲಿಲ್ಲ.

ಜನವರಿ 22, ಬುಧವಾರ. ಮುಳಬಾಗಿಲು

ಮಾಡಿಬಿಟ್ಟೆ.

ಮಗುವಿಗೆ ವಿಪರೀತ ಜ್ವರ. ಕೆಂಡದಂತೆ ಸುಡುತ್ತಿತ್ತು, ತುಟಿ ನೀಲಿಗೆ ತಿರುಗಿದ ಹಾಗಿತ್ತು. ಮೇಷ್ಟ್ರು ಚರ್ಚಿಗೆ ಹೋಗಿದ್ದರು, ರಜನಿ ಪಾಠ ಮಾಡಲು ಶಾಲೆಗೆ, ಬೀಗಿತ್ತಿ ಔಷಧಿ ತರಲು ಅಂಗಡಿಗೆ. ಮನೆಯಲ್ಲಿ ನಾನು, ಮಗು, ಇಬ್ಬರೇ. ಜೀವಕ್ಕೆ ಅಪಾಯವಿದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಸಭೆಯೇ ಕಲಿಸಿದೆ. ಹೆರಿಗೆ ವಾರ್ಡಿನಲ್ಲಿದ್ದಾಗ ನಮ್ಮವರ ಎಷ್ಟೋ ಕೂಸುಗಳಿಗೆ, ಉಳಿಯುವುದಿಲ್ಲವೆಂದಾಗ, ತಾಯಿ ತಂದೆ ಕೇಳಿಕೊಂಡರೆ ಕೊಟ್ಟಿದ್ದೇನೆ. ಕೈಗೆ ಅಭ್ಯಾಸ ಇದೆ.

ಕಾಯಿಸಿ ಆರಿಸಿದ ನೀರು ಲೋಟದಲ್ಲಿತ್ತು. ಮಗುವನ್ನು ಎಡಗೈಯಲ್ಲಿ ಹಿಡಿದು ತಲೆಗೆ ನೀರು ಬಿಟ್ಟೆ. ಚೈತನ್ಯ ಮರಿಯಾ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ. ಯಾರೋ ಆಮೆನ್ ಎಂದ ಹಾಗಾಯಿತು. ನಾನೇ ಅಂದಿರಬೇಕು. ಮಗು ಅಳಲಿಲ್ಲ, ಕಣ್ಣರಳಿಸಿ ನನ್ನನ್ನೇ ನೋಡಿತು. ಸೆರಗಿನಿಂದ ತಲೆ ಒರೆಸಿದೆ.

ಔಷಧಿ ಬಂತು, ಕುಡಿಸಿದೆವು. ಯಾರಿಗೂ ಹೇಳಿಲ್ಲ.

ಜನವರಿ 24, ಶುಕ್ರವಾರ

ಜ್ವರ ಬಿಟ್ಟಿದೆ. ಮಗು ಕಾಲು ಒದೆಯುತ್ತಾ ಆಡುತ್ತಿದೆಯಂತೆ. ಈಗ ಅವರು ಎಷ್ಟು ಬೇಕಾದರೂ ಚರ್ಚೆ ಮಾಡಿಕೊಳ್ಳಲಿ. ಬೆಳಿಗ್ಗೆ ಪೂಜೆಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜನವರಿ 30, ಗುರುವಾರ

ರಜನಿಯ ಫೋನು. ಹುಡುಗಿಯ ದನಿಯಲ್ಲಿ ಏನು ಹಿಗ್ಗು!

"ಅತ್ತೆ, ನಾವಿಬ್ರೂ ಕೂತ್ಕೊಂಡು ಮಾತಾಡಿದ್ವಿ. ಫೆಬ್ರವರಿ ಹದಿನಾರು, ಭಾನುವಾರ, ಇಲ್ಲಿ ನಮ್ಮ ಚರ್ಚಲ್ಲಿ ದೀಕ್ಷಾಸ್ನಾನ. ಮುಂದೆ ಬೆಳೆದ್ಮೇಲೆ ನಿಮ್ಮ ಫಾದರ್ ಹತ್ರ ಮೊದಲ ಪರಮಪ್ರಸಾದ. ಅಪ್ಪಾನೂ ಒಪ್ಪಿದ್ರು. ನೀವು ಬೇಜಾರ್ ಮಾಡ್ಕೋಬಾರ್ದು, ಆಯ್ತಾ?"

ಆ ಹಟಮಾರಿ ಮನುಷ್ಯ ಮೊದಲ ಪರಮಪ್ರಸಾದಕ್ಕೆ ಒಪ್ಪಿದರೇ? ಬೇಜಾರಾಗಲು ನನಗೆ ಹೊತ್ತೇ ಸಿಗಲಿಲ್ಲ, ಹೆದರಿಕೆಯೇ ಮೊದಲು ಬಂತು. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವಲ್ಲ, ಒಂದೇ ದೀಕ್ಷಾಸ್ನಾನವನ್ನು ಒಪ್ಪುತ್ತೇನೆ ಎಂದು. ಎರಡನೇ ಸಲ ನೀರು ಹಾಕಿದರೆ ಮೊದಲನೆಯದು ಸುಳ್ಳು ಎಂದ ಹಾಗೆ. ದೇವರ ಹೆಸರಿನಲ್ಲಿ ಆದದ್ದನ್ನು ಸುಳ್ಳು ಮಾಡಿಸುವುದು ಸಣ್ಣ ಪಾಪವೇ? ಬಾಯಿ ಬಿಟ್ಟರೆ ಮೇಷ್ಟ್ರು ನನ್ನನ್ನು ಮಗುವಿನ ಹತ್ತಿರಕ್ಕೂ ಸೇರಿಸುವುದಿಲ್ಲ. ಬಿಡದಿದ್ದರೆ ಆ ಭಾನುವಾರ ನಾನು ಚರ್ಚಿನಲ್ಲಿ ನಗುತ್ತಾ ನಿಂತು ಫೋಟೋ ತೆಗೆಸಿಕೊಳ್ಳಬೇಕು.

"ಸಂತೋಷ ಕಣೇ," ಎಂದೆ ಫೋನಿನಲ್ಲಿ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡು ಇನ್ನೇನು ಹೇಳಲಿ?

ಫೆಬ್ರವರಿ 1, ಶನಿವಾರ

ಪಾಪನಿವೇದನೆಗೆ ಹೋದೆ. ಫಾದರ್ ನನ್ನ ಮಗನ ವಯಸ್ಸಿನವರು. ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮಗು ಸಾಯೋ ಸ್ಥಿತೀಲಿತ್ತಾ ಸಿಸ್ಟರ್?"

ನಲವತ್ತು ವರ್ಷ ಥರ್ಮಾಮೀಟರು ಓದಿದವಳು. ದೇವರ ಎದುರು ಹೇಗೆ ಸುಳ್ಳು ಹೇಳಲಿ? "ಇಲ್ಲ ಫಾದರ್. ನೂರು ಇತ್ತು. ನೆಗಡಿ ಜ್ವರ." ತುಟಿಯೂ ನೀಲಿ ಇರಲಿಲ್ಲ. ಇಲ್ಲಿ ನೀಲಿ ಎಂದು ಬರೆದಿದ್ದೇನೆ, ಹಿಂದಿನ ಪುಟದಲ್ಲೇ ಇದೆ.

ದೀಕ್ಷಾಸ್ನಾನ ಆಗಿದೆ, ಅದು ಸಿಂಧು, ಮತ್ತೆ ಕೊಡುವಂತಿಲ್ಲ ಎಂದರು. ಆದರೆ ಅದು ತಾಯಿ ತಂದೆ ಮಾಡಿಸಬೇಕಾದ ಕೆಲಸ, ನೀವು ಅವರಿಂದ ಕಿತ್ತುಕೊಂಡಿರಿ, ಹೋಗಿ ಹೇಳಿ ಎಂದರು. ನಾನು ಅಳುತ್ತಾ, ಅಲ್ಲಿ ಅವರ ಕೈಯಲ್ಲಿ ಆದರೆ ಮಗುವಿನ ಗತಿ ಏನು ಎಂಬ ಹೆದರಿಕೆಗೆ ಮಾಡಿದೆ ಎಂದೆ.

"ಅವರ ಸಭಾಪಾಲಕರು ಕೊಟ್ಟಿದ್ರೂ ನಮಗೆ ಅದು ದೀಕ್ಷಾಸ್ನಾನವೇ, ಸಿಸ್ಟರ್. ನೀರು, ತ್ರೈಏಕ ದೇವರ ನಾಮ, ಅಷ್ಟೆ. ನಾವು ಅದನ್ನ ಪೂರ್ತಿ ಒಪ್ತೀವಿ."

ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಪೂಜೆಗೆ ಹೋಗಿದ್ದೇನೆ, ಒಬ್ಬರಾದರೂ ಈ ಮಾತನ್ನು ಕಿವಿಗೆ ಹಾಕಬಾರದಿತ್ತೇ? ಐಕ್ಯತೆಯ ಮೇಲೆ ಅಷ್ಟುದ್ದ ಬೋಧನೆ ಕೊಟ್ಟರಲ್ಲ, ಅದರಲ್ಲಿ ಇದೊಂದನ್ನು ಸೇರಿಸಬಾರದಿತ್ತೇ? ಹಾಗಾದರೆ ನಾನು ಕದ್ದದ್ದು ಯಾತಕ್ಕೆ? ಅವರು ಕೊಟ್ಟೇ ಕೊಡುತ್ತಿದ್ದದ್ದನ್ನು ಕದ್ದೆನೇ?

ಸಿಟ್ಟು ಯಾರ ಮೇಲೆಂದೇ ತಿಳಿಯುತ್ತಿಲ್ಲ. ಸಕ್ಕರೆ ಡಬ್ಬಿ ಕೈತಪ್ಪಿ ಬಿತ್ತು, ಅದಕ್ಕೂ ಬೈದೆ.

ಫೆಬ್ರವರಿ 5, ಬುಧವಾರ

ಇನ್ನಾಸಿ ಮಾಲೂರಿನ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ನನ್ನನ್ನು ನೋಡಲು ಬಂದ. ಹೇಳಲೇಬೇಕೆಂದು ಮುದ್ದೆ ಬಡಿಸಿ ಎದುರಿಗೆ ಕೂತೆ. ಅವನೇ ಶುರು ಮಾಡಿದ.

"ಅಮ್ಮ, ಮಾವ ಇವತ್ತು ಫೋನಲ್ಲಿ ನನ್ನನ್ನ 'ಅಳಿಯಂದ್ರೇ' ಅಂದ್ರಮ್ಮ. ಎರಡು ವರ್ಷದಲ್ಲಿ ಮೊದಲ್ನೇ ಸಲ. ಇಷ್ಟು ದಿನ ಬರೀ 'ಏನಪ್ಪ' ಅಂತಿದ್ರು."

ಮುದ್ದೆ ಮುರಿಯುವುದನ್ನೂ ಮರೆತು ನಗುತ್ತಿದ್ದ. ನಾನು ಇನ್ನೊಂದು ಸೌಟು ಸಾರು ಹಾಕಿ ಎದ್ದೆ.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಬಸ್ಸು ಹತ್ತಿದೆ. ದೇವರಾಯಸಮುದ್ರದ ಹತ್ತಿರ ಟೊಮೆಟೊ ಲಾರಿಗಳ ಹಿಂದೆ ಸಿಕ್ಕಿಕೊಂಡು ಬಸ್ಸು ನಿಂತಿತು. ಇಳಿದು ವಾಪಸ್ ಹೋಗೋಣವೇ ಎಂದು ಕೆರೆ ನೋಡುತ್ತಾ ಯೋಚಿಸಿದೆ. ಹೋಗಲಿಲ್ಲ.

ಮನೆಯಲ್ಲಿ ಶಾಮಲಮ್ಮ ಒಬ್ಬರೇ ಇದ್ದರು. ರಜನಿ ಮಗುವಾಗಿದ್ದಾಗಿನ ಬಿಳಿ ಫ್ರಾಕನ್ನು ಬಿಚ್ಚಿ, ಚೈತನ್ಯಳ ಅಳತೆಗೆ ಹೊಲಿಯುತ್ತಿದ್ದರು. ಅದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. "ಗೊತ್ತು," ಎಂದರು.

"ಏನು ಗೊತ್ತು?"

"ಔಷಧಿ ಚೀಟಿ ಮರ್ತು ವಾಪಸ್ ಬಂದಿದ್ನಲ್ಲ ಆವತ್ತು. ಬಾಗ್ಲಲ್ಲೇ ಇದ್ದೆ. ಆಮೆನ್ ಅಂದೆ, ಕೇಳಿಸ್ಲಿಲ್ವಾ?"

ಅವರ ಪಕ್ಕದಲ್ಲೇ ಕೂತೆ.

"ನೀವ್ಯಾಕೆ ಆಮೆನ್ ಅಂದ್ರಿ?"

"ತಂದೆ, ಮಗ, ಪವಿತ್ರಾತ್ಮ ಅಂದ್ಮೇಲೆ ಆಮೆನ್ ಅನ್ನದೆ ಇರೋಕಾಗುತ್ತಾ? ಬಾಯಿಗೆ ಬಂತು, ಅಂದೆ."

"ಮೇಷ್ಟ್ರಿಗೆ ಹೇಳ್ಲಿಲ್ವಾ?"

"ಅಯ್ಯೋ ದೇವುಡಾ! ಹೇಳಿದ್ರೆ ನಿಮ್ಮನ್ನ ಈ ಹೊಸ್ಲು ತುಳಿಯೋಕೆ ಬಿಡ್ತಿದ್ರಾ? ಮಗು ಒಂದಜ್ಜಿ ಇಲ್ದೆ ಬೆಳೀಬೇಕಾ? ಡೇಟು ಇಟ್ರಲ್ಲ, ಆವಾಗ್ಲಿಂದ ಕಾಯ್ತಿದೀನಿ, ನೀವು ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ. ಪೋನೀಲೆ, ಹೋಗ್ಲಿ ಬಿಡಿ, ಹೇಳಿದ್ರಲ್ಲ." ಹಾಗೆಂದು ನನ್ನ ಕೈ ಹಿಡಿದುಕೊಂಡು ಅತ್ತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಒಂದ್ ಮಾತು ಕೇಳ್ಬಾರ್ದಿತ್ತಾ ನನ್ನ? ಕೇಳಿದ್ರೆ ನಾನೇ ಲೋಟ ಹಿಡ್ಕೋತಿದ್ದೆ," ಎಂದು ಬೈದರು. ಹಾಂ ಹೂಂ ಇಲ್ಲದ ಹೆಂಗಸು ಎಂದುಕೊಂಡಿದ್ದೆ.

ಸಂಜೆ ಎಲ್ಲರ ಎದುರು ಹೇಳಿದೆವು. ಶಾಮಲಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಇನ್ನಾಸಿಗೆ ಫೋನಿನಲ್ಲಿ ಹೇಳಿದೆವು, ಸುದ್ದಿ ಕೇಳಿ ಇಟ್ಟುಬಿಟ್ಟ. ರಜನಿ ಮಗುವನ್ನು ಎದೆಗೊತ್ತಿಕೊಂಡು, "ನನ್ನ ಮಗು ಅತ್ತೆ. ನನ್ನ ಮಗು," ಎಂದಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದರು.

"ಏನಂತ ಹೆಸ್ರಿಟ್ರಿ?"

"ಚೈತನ್ಯ ಮರಿಯಾ."

"ಮರಿಯಾನೂ ಸೇರಿಸಿದ್ರಾ?" ಎಂದು ಎದ್ದು ನಿಂತರು. "ಸತ್ಯ ಹೇಳಿದ್ರಿ, ಒಪ್ತೀನಿ. ಆದ್ರೆ ಕದ್ದಾದ್ಮೇಲೆ ಹೇಳಿದ್ರಿ. ಇನ್ಮೇಲೆ ಈ ಮನೇಲಿ ಮಗೂನ ನಿಮ್ಮ ಕೈಗೆ ಕೊಡಲ್ಲ."

ಕೊನೆಯ ಬಸ್ಸಿನಲ್ಲಿ ಬಂದೆ. ಸಾಕಪ್ಪ ಸಾಕು.

ಫೆಬ್ರವರಿ 13, ಗುರುವಾರ

ಯಾರ ಫೋನೂ ಇಲ್ಲ.

ಫೆಬ್ರವರಿ 14, ಶುಕ್ರವಾರ

ಶಾಮಲಮ್ಮನ ಫೋನು. ಮೇಷ್ಟ್ರು ಸಭಾಪಾಲಕರ ಹತ್ತಿರ ಹೋಗಿ ದೂರು ಹೇಳಿದರಂತೆ. ಅವರು ಎಲ್ಲ ಕೇಳಿ, "ನಮ್ಮಲ್ಲೂ ಎರಡನೇ ಸಲ ನೀರು ಹಾಕುವಂತಿಲ್ಲ ಮೇಷ್ಟ್ರೇ," ಎಂದುಬಿಟ್ಟರಂತೆ. ಭಾನುವಾರ ಮಗುವನ್ನು ಸಭೆಯ ಮುಂದೆ ಸ್ವಾಗತಿಸಿ ಆಶೀರ್ವದಿಸುವುದು ಮಾತ್ರ.

ನೋಡಿ, ಎರಡು ಸಭೆಯವರೂ ತಕರಾರಿಲ್ಲದೆ ಒಪ್ಪುವ ಒಂದು ಮಾತು ಇತ್ತು. ಅದು ಹೊರಗೆ ಬರಲು ನಾನು ಕಳ್ಳಿಯಾಗಬೇಕಾಯಿತು.

"ನೀವು ಬರ್ಲೇಬೇಕು ಸಿಸ್ಟರ್," ಎಂದರು ಶಾಮಲಮ್ಮ. "ಬರ್ದಿದ್ರೆ ಆ ಫ್ರಾಕು ನಾನು ಹಾಕ್ಸಲ್ಲ."

ಫೆಬ್ರವರಿ 16, ಭಾನುವಾರ

ಇನ್ನಾಸಿಯ ಬೈಕಿನ ಹಿಂದೆ ಕೂತು ಹೋದೆ. ದಾರಿಯುದ್ದಕ್ಕೂ ಒಂದೇ ಮಾತು ಆಡಿದ, "ಗಟ್ಟಿಯಾಗಿ ಹಿಡ್ಕೋ." ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿ ಮೊಣಕಾಲೂರಲು ಹಲಗೆ ಇಲ್ಲ, ಒಂದು ಪ್ರತಿಮೆಯೂ ಇಲ್ಲ, ಬರಿಯ ಮರದ ಶಿಲುಬೆ. ಹಾಡು ಮಾತ್ರ ಚೆನ್ನಾಗಿ ಹಾಡುತ್ತಾರೆ, ಸುಳ್ಳು ಯಾಕೆ ಹೇಳಲಿ.

ಸಭಾಪಾಲಕರು ಮಗುವನ್ನು ಎತ್ತಿಕೊಂಡು, "ಚೈತನ್ಯ ಮರಿಯಾಗೆ ದೀಕ್ಷಾಸ್ನಾನ ಆಗಿದೆ. ಅದಕ್ಕೆ ಸಾಕ್ಷಿ ಯಾರು?" ಎಂದು ಕೇಳಿದರು. ಶಾಮಲಮ್ಮ ಎದ್ದು ನಿಂತು, "ನಾನು," ಎಂದರು. ಮರಿಯಾ ಎಂಬಲ್ಲಿ ಮೇಷ್ಟ್ರು ಕೆಮ್ಮಿದರು. ಸಭೆಯೆಲ್ಲ ಆಮೆನ್ ಎಂದಿತು. ಲೋಟ ಹಿಡಿದ ಕೈಯ ಸುದ್ದಿ ಯಾರೂ ಎತ್ತಲಿಲ್ಲ, ರಜನಿ ಮಾತ್ರ ತಿರುಗಿ ಒಂದು ಸಲ ನನ್ನ ಕಡೆ ನೋಡಿದಳು.

ಆಮೇಲೆ ಅವರ ಪ್ರಭು ಭೋಜನ, ರೊಟ್ಟಿ ಮತ್ತು ದ್ರಾಕ್ಷಾರಸ. ಎಲ್ಲರೂ ಬನ್ನಿ ಎಂದು ಸಭಾಪಾಲಕರು ಕರೆದರು. ಬೆಂಚು ಬೆಂಚೇ ಎದ್ದು ಹೋಯಿತು. ನಾನು ಹೋಗುವಂತಿಲ್ಲ, ನಮ್ಮ ನಿಯಮ. ಇನ್ನಾಸಿಯೂ ಹೋಗದೆ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಅಷ್ಟು ಬೆಂಚುಗಳ ನಡುವೆ ಒಬ್ಬಳೇ, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತೆ. ಆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮದುವೆಯ ದಿನ ಮೇಷ್ಟ್ರು ಬೆಂಚಿಗೆ ವಾಪಸ್ ಬಂದು ಹೀಗೇ ಕೂತಿದ್ದರು. ನಾನು ಆವತ್ತು ಹಿಂದಿನ ಸಾಲಿನಲ್ಲಿದ್ದೆ, ಅವರ ಬೆನ್ನು ನೋಡಿದ್ದೆ. ನಿಯಮ, ಎಂದಿದ್ದೆ.

ಮಗು ಮೇಷ್ಟ್ರ ತೋಳಿನಲ್ಲಿತ್ತು. ಸಣ್ಣ ಬಟ್ಟಲುಗಳ ತಟ್ಟೆ ಹಿಡಿಯುವುದು ಕಾರ್ಯದರ್ಶಿಯ ಕೆಲಸವಂತೆ, ಸಭಾಪಾಲಕರು ಅವರನ್ನು ಸನ್ನೆ ಮಾಡಿ ಕರೆದರು. ಶಾಮಲಮ್ಮ, ರಜನಿ ಇಬ್ಬರೂ ಮುಂದೆ ಮೊಣಕಾಲೂರಿದ್ದರು. ಮೇಷ್ಟ್ರು ಆಚೆ ಈಚೆ ನೋಡಿದರು. ಇನ್ನಾಸಿ ಕೈ ಚಾಚಿದ. ಅವನನ್ನು ದಾಟಿಕೊಂಡು ಮೇಷ್ಟ್ರು ಕೊನೆಯ ಬೆಂಚಿನವರೆಗೂ ನಡೆದು ಬಂದರು. ಬಗ್ಗಿ, ಮಗುವನ್ನು ನನ್ನ ಕೈಗಳ ಮೇಲೆ ಇಟ್ಟರು.

"ಹಿಡ್ಕೊಳಿ," ಎಂದರು. "ನೀರಿನ ಹತ್ರ ಮಾತ್ರ ಹೋಗ್ಬೇಡಿ."

ನನ್ನ ಕಣ್ಣೀರು ಅವಳ ಹಣೆಯ ಮೇಲೆ ಬಿದ್ದುಬಿಟ್ಟಿತು. ಯಾರೂ ನೋಡುವ ಮೊದಲು ಗಡಿಬಿಡಿಯಿಂದ ಸೆರಗಿನಲ್ಲಿ ಒರೆಸಿದೆ.

ಅವಳು ನಿದ್ದೆ ಹೋದಳು. ಕೊನೆಯಲ್ಲಿ ಎಲ್ಲರೂ ನಿಂತು ಪರಲೋಕದ ಪ್ರಾರ್ಥನೆ ಹೇಳಿದರು. ನಾನೂ ಹೇಳಿದೆ, ಮಗು ಏಳದಿರಲೆಂದು ಮೆಲ್ಲಗೆ. ಎಲ್ಲಿ ನಿಲ್ಲಿಸಿದೆನೋ ಗಮನಿಸಲಿಲ್ಲ, ಎಲ್ಲರ ಜೊತೆಗೇ ಮುಗಿಯಿತು. ಬೈಕಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿದೆ. ಭಾರತಮ್ಮನ ಅವರೆಕಾಯಿ ಚೀಲ ಇಲ್ಲೇ ಉಳಿದಿದೆ, ನಾಳೆ ವಾಪಸ್ ಕೊಡಬೇಕು.